ಚಿಂಚವಡದಿಂದ ಕರಿ ಟ್ರ್ಯಾಕ್‌ಗೆ: ಮೊದಲ ಸಲದ ಸಿದ್ಧತೆ

ಪುಣೆಯಲ್ಲಿ ಬೈಕ್ ಹುಚ್ಚು ಹತ್ತಿದವರಿಗೆ ಭಾನುವಾರದ ಬೆಳಗು ಎಂದರೆ ಲೋಣಾವಳ, ಲವಾಸಾ ಅಥವಾ ತಾಮ್ಹಿಣಿ ಘಾಟಿ. ನಾನೂ ವರ್ಷಗಟ್ಟಲೆ ಆ ದಾರಿಗಳಲ್ಲೇ ಓಡಾಡಿದವನು. ಆದರೆ ಘಾಟಿಯ ತಿರುವಿನ ಆಚೆ ಏನು ಕಾದಿದೆ ಎಂದು ಯಾರೂ ಹೇಳಲಾರರು. ಎಸ್‌ಟಿ ಬಸ್ ಇರಬಹುದು, ಎಮ್ಮೆಗಳ ಹಿಂಡು ಇರಬಹುದು, ಲಾರಿಯಿಂದ ಸೋರಿದ ಡೀಸೆಲ್ ಇರಬಹುದು. ಬೈಕ್ ಎಷ್ಟು ವಾಲಬಲ್ಲದು, ಬ್ರೇಕ್ ಎಷ್ಟು ಹಿಡಿಯಬಲ್ಲದು ಎಂದು ಅರಿಯುವ ಆಸೆ ಇದ್ದವರಿಗೆ ಅದು ತಕ್ಕ ಜಾಗವೇ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯಕ್ಕೆ ಇಳಿಯುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ದಂಡದ ಮಾತು ಹಾಗಿರಲಿ, ಎದುರಿನಿಂದ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವವರನ್ನು ನೋಡಿದಾಗಲೆಲ್ಲ ನನ್ನ ಕುತೂಹಲಕ್ಕೆ ಬೇರೆಯೇ ಜಾಗ ಹುಡುಕಬೇಕು ಎನಿಸುತ್ತಿತ್ತು.

ಆ ಜಾಗ ಸಿಕ್ಕಿದ್ದು ಟ್ರ್ಯಾಕ್ ಡೇಯಲ್ಲಿ, ಅಂದರೆ ರೇಸಿಗೆಂದು ಕಟ್ಟಿದ ಹಾದಿಯಲ್ಲಿ ನಮ್ಮ ಬೈಕ್ ಓಡಿಸಲು ಬಿಡುವ ದಿನದಲ್ಲಿ. ಅದು ರೇಸ್ ಅಲ್ಲ. ಅಲ್ಲಿ ಬಹುಮಾನವಿಲ್ಲ, ಗೆಲ್ಲುವವರೂ ಇಲ್ಲ. ಹಣ ಕಟ್ಟಿ ಹೆಸರು ಕೊಟ್ಟವರನ್ನು ಹೊಸಬರು, ಪಳಗಿದವರು, ವೇಗದವರು ಎಂದು ಗುಂಪು ಮಾಡಿ, ಸರದಿಯಂತೆ ಸುಮಾರು ಹದಿನೈದು ಇಪ್ಪತ್ತು ನಿಮಿಷಗಳ ಕಾಲ ಟ್ರ್ಯಾಕ್‌ಗೆ ಬಿಡುತ್ತಾರೆ. ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಾರೆ. ಆಂಬುಲೆನ್ಸ್ ಸಿದ್ಧವಿರುತ್ತದೆ, ತಿರುವುಗಳಲ್ಲಿ ಬಾವುಟ ಹಿಡಿದವರು ನಿಂತಿರುತ್ತಾರೆ. ಹೊಸಬರಿಗೆ ತರಬೇತುದಾರರೂ ಸಿಗುವ ದಿನವನ್ನೇ ನಾನು ಆರಿಸಿಕೊಂಡೆ. ಮೊದಲ ಸಲ ಹೋಗುವವರು ಸ್ವಲ್ಪ ಹೆಚ್ಚು ಹಣವಾದರೂ ಹಾಗೆಯೇ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ಟ್ರ್ಯಾಕ್ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕಿಟ್ ಐದು ಕಿಲೋಮೀಟರಿಗೂ ಉದ್ದದ್ದು, ದೊಡ್ಡ ಎಂಜಿನ್‌ಗಳಿಗೆ ಹೇಳಿಮಾಡಿಸಿದ್ದು. ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಸುಮಾರು 3.7 ಕಿ.ಮೀ. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಕೇವಲ 2.1 ಕಿ.ಮೀ. ಫಾರ್ಮುಲಾ ಮಾರುತಿ ಕಾರುಗಳನ್ನು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರು ಹೊತ್ತ ಜಾಗ ಅದು. ನನ್ನ ಬೈಕು ಕೆಟಿಎಂ ಆರ್‌ಸಿ 200, ನಮ್ಮ ಮನೆಗೆ ಹತ್ತಿರದ ಚಾಕಣದಲ್ಲೇ ತಯಾರಾದದ್ದು. ಚಿಕ್ಕ ಬೈಕಿಗೆ ಚಿಕ್ಕ ಟ್ರ್ಯಾಕ್ ಒಪ್ಪುತ್ತದೆ. ಒಂದೇ ತಿರುವು ಬೇಗ ಬೇಗ ಮತ್ತೆ ಎದುರಾಗುವುದರಿಂದ ಕಲಿತದ್ದು ಮರೆಯುವ ಮೊದಲೇ ಮತ್ತೊಮ್ಮೆ ಮಾಡಿ ನೋಡಬಹುದು. ‘ಇನ್ನೂ ದೊಡ್ಡ ಬೈಕ್ ಕೊಂಡ ಮೇಲೆ ಹೋಗುತ್ತೇನೆ’ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಇರುವ ಬೈಕಿನಲ್ಲೇ ಹೋಗಿ. ಕಡಿಮೆ ಶಕ್ತಿಯ ಎಂಜಿನ್ ನೇರ ಹಾದಿಯಲ್ಲಿ ನಿಮ್ಮನ್ನು ಹೆದರಿಸುವುದಿಲ್ಲ, ತಿರುವಿನ ಕಡೆಗೆ ಯೋಚಿಸಲು ಬಿಡುತ್ತದೆ.

ಸಿದ್ಧತೆ ಶುರುಮಾಡಿದಾಗ ನನಗೆ ನಾನೇ ಒಂದು ಅಳತೆ ಇಟ್ಟುಕೊಂಡೆ. ಟ್ರ್ಯಾಕ್ ಮೇಲೆ ನನ್ನ ಗಮನ ಎರಡೇ ಸಂಗತಿಗಳಿಗೆ ಬೇಕು, ನೋಟಕ್ಕೆ ಮತ್ತು ಬ್ರೇಕಿಗೆ. ಮಿಕ್ಕ ಯಾವ ಸಂದೇಹವೂ ಅಲ್ಲಿ ತಲೆ ಎತ್ತಬಾರದು. ಚೈನ್ ಸಡಿಲವಾಯಿತೇ, ಗ್ಲೌಸ್ ಬಿಗಿಯಾಗಿದೆಯೇ, ಬೈಕ್ ಬಿದ್ದರೆ ಊರಿಗೆ ಮರಳುವುದು ಹೇಗೆ ಎಂಬ ಚಿಂತೆಗಳೆಲ್ಲ ಪುಣೆ ಪಕ್ಕದ ನಮ್ಮ ಚಿಂಚವಡದಲ್ಲೇ ಮುಗಿಯಬೇಕು.

ಮೊದಲು ಬೈಕು. ನಮ್ಮ ಮೆಕ್ಯಾನಿಕ್ ಗೋಕಾಕದ ಕಡೆಯವರು, ಹೀಗಾಗಿ ಮಾತೆಲ್ಲ ಕನ್ನಡದಲ್ಲೇ. ಅವರು ಮೊದಲು ಮುಟ್ಟಿದ್ದು ಬ್ರೇಕ್ ಆಯಿಲ್ ಡಬ್ಬಿಯನ್ನು. “ಸರ್, ಎರಡು ಮಳೆಗಾಲ ಕಂಡ ಆಯಿಲ್ ಇದು, ಬಣ್ಣ ನೋಡಿ, ಕಂದಾಗಿದೆ. ಆಫೀಸಿಗೆ ಹೋಗಿಬರಲು ನಡೆಯುತ್ತದೆ, ಅಲ್ಲಿಗೆ ನಡೆಯುವುದಿಲ್ಲ” ಎಂದರು. ಕಾರಣ ಸರಳ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಟ್ರ್ಯಾಕ್‌ನಲ್ಲಿ ನಿಮಿಷ ನಿಮಿಷಕ್ಕೂ ಜೋರಾಗಿ ಬ್ರೇಕ್ ಹಿಡಿಯುತ್ತಿರುತ್ತೇವೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆಗಳಾಗಿ ಲಿವರ್ ಹಿಡಿಕೆಯವರೆಗೂ ಬಂದುಬಿಡುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಆಯಿಲ್ ತುಂಬಿ ಗಾಳಿ ತೆಗೆಸಿದೆವು, ಪ್ಯಾಡ್‌ಗಳನ್ನು ಬಿಚ್ಚಿ ದಪ್ಪ ನೋಡಿದೆವು.

ಆಮೇಲೆ ರೇಡಿಯೇಟರ್. ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್‌ನಲ್ಲಿರುವ ಗ್ಲೈಕಾಲ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ಬಹಳ ಜಾರುತ್ತದೆ, ಒರೆಸಿ ತೆಗೆಯುವುದೂ ಕಷ್ಟ. ಹಿಂದೆ ಬರುವವರೆಲ್ಲ ಬೀಳುತ್ತಾರೆ. ಅದನ್ನು ಪೂರ್ತಿ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿದೆವು. ಇದು ನಮ್ಮ ಬೈಕಿಗಿಂತ ಇತರರಿಗಾಗಿ ಮಾಡುವ ಕೆಲಸ, ಅದಕ್ಕೇ ಇದನ್ನು ತಪ್ಪಿಸಬಾರದು. ಎಂಜಿನ್ ಆಯಿಲ್ ಬದಲಿಸಿ, ಕೆಳಗಿನ ಡ್ರೇನ್ ಬೋಲ್ಟ್ ಮತ್ತು ಫಿಲ್ಟರ್ ಮುಚ್ಚಳ ಬಿಗಿಯಾಗಿವೆಯೇ ಎಂದು ಪರೀಕ್ಷಿಸಿದೆವು. ಚೈನಿನ ಸಡಿಲವನ್ನು ಒಂದೇ ಕಡೆ ಅಳೆಯಲಿಲ್ಲ. ಚಕ್ರ ತಿರುಗಿಸುತ್ತ ಅತಿ ಬಿಗಿಯಾಗಿರುವ ಜಾಗ ಹುಡುಕಿ ಅಲ್ಲಿ ಕೈಪಿಡಿಯ ಅಳತೆಗೆ ತಂದೆವು. ಥ್ರಾಟಲ್ (ಎಂಜಿನ್ ವೇಗ ಏರಿಸುವ ಹಿಡಿ) ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳಬೇಕು, ಹ್ಯಾಂಡಲ್ ಯಾವ ಕಡೆಗೆ ತಿರುಗಿಸಿದರೂ ಹಾಗೆಯೇ ಆಗಬೇಕು. ಕನ್ನಡಿ, ನಂಬರ್ ಪ್ಲೇಟ್, ಇಂಡಿಕೇಟರ್ ಬಿಚ್ಚುವುದನ್ನೂ ಹೆಡ್‌ಲೈಟ್ ಗಾಜಿಗೆ ಟೇಪ್ ಅಂಟಿಸುವುದನ್ನೂ ಟ್ರ್ಯಾಕ್‌ಗೆ ಹೋದ ಮೇಲೆ ಮಾಡಲು ಬಿಟ್ಟೆವು, ಅರ್ಧ ಗಂಟೆಯ ಕೆಲಸ.

ಟೈರು ರಸ್ತೆಯದ್ದೇ ಸಾಕು. ರೇಸಿನ ಮೆದು ಟೈರು ಬಿಸಿಯಾದಾಗ ಮಾತ್ರ ಹಿಡಿಯುತ್ತದೆ, ಹೊಸಬರ ವೇಗದಲ್ಲಿ ಅದು ಬಿಸಿಯಾಗುವುದೇ ಅನುಮಾನ. ಒಳ್ಳೆಯ ರಸ್ತೆ ಟೈರು, ಸಾಕಷ್ಟು ಆಳದ ಗೆರೆಗಳು, ತೀರ ಹಳೆಯದಾಗಿರಬಾರದು. ಅಂಚಿನಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, ಅದನ್ನು ಓದಿ ನೋಡಿ. ಓಡಿದಂತೆ ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಏರುವುದರಿಂದ ಟ್ರ್ಯಾಕ್‌ನಲ್ಲಿ ರಸ್ತೆಗಿಂತ ಕೆಲವು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಇಡುತ್ತಾರೆ. ಎಷ್ಟು ಎಂಬುದನ್ನು ಅಲ್ಲಿನ ತರಬೇತುದಾರರನ್ನು ಕೇಳಿಯೇ ತೀರ್ಮಾನಿಸಿದೆ. ಸ್ವಂತದ ಗೇಜ್ ಜೊತೆಗಿರಲಿ.

ಬಹಳಷ್ಟು ಜನ ಓದದೆ ಬಿಡುವ ಕಾಗದವೊಂದಿದೆ, ಬೈಕಿನ ವಿಮೆ. ನಮ್ಮ ದೇಶದ ವಾಹನ ವಿಮೆಗಳಲ್ಲಿ ಬಳಕೆಯ ಮಿತಿಗಳ ಪಟ್ಟಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಮುಂತಾದವನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕ್‌ನಲ್ಲಿ ಬಿದ್ದರೆ ಖರ್ಚು ನಮ್ಮದೇ ಎಂದು ಒಪ್ಪಿಕೊಂಡೇ ಹೊರಡಬೇಕು. ನಾನು ಒಂದು ಜೊತೆ ಲಿವರ್, ಕಾಲಿಡುವ ಫುಟ್‌ಪೆಗ್ ಮತ್ತು ಬಿದ್ದರೆ ರಿಪೇರಿಗೆಂದು ಒಂದಿಷ್ಟು ಹಣ ಬೇರೆಯಾಗಿ ತೆಗೆದಿಟ್ಟೆ. ಆರೋಗ್ಯ ವಿಮೆಯ ಕರಾರನ್ನೂ ಓದಿ ನೋಡಿ.

ಉಡುಪಿನ ವಿಷಯದಲ್ಲಿ ನಾನು ಉಳಿತಾಯ ಮಾಡಲಿಲ್ಲ, ಆದರೆ ಎಲ್ಲವನ್ನೂ ಕೊಳ್ಳಲೂ ಇಲ್ಲ. ತಲೆ, ಕೈ, ಕಾಲು, ಬೆನ್ನುಹುರಿ, ಇವುಗಳಿಗೆ ಬೇಕಾದದ್ದು ಸ್ವಂತದ್ದೇ ಆಗಿರಬೇಕು, ಏಕೆಂದರೆ ಅವು ಮೈಗೆ ಸರಿಯಾಗಿ ಕೂರಬೇಕು. ಮುಖ ಪೂರ್ತಿ ಮುಚ್ಚುವ, ಎರಡು ಡಿ ಆಕಾರದ ಬಳೆಗಳಲ್ಲಿ ಬಿಗಿಯುವ (ಡಬಲ್ ಡಿ ರಿಂಗ್) ಪಟ್ಟಿಯ ಹೆಲ್ಮೆಟ್. ಮಣಿಕಟ್ಟು ದಾಟಿ ತೋಳಿನ ಮೇಲೆ ಬರುವ ಚರ್ಮದ ಗ್ಲೌಸ್. ಕಣಕಾಲು ಮುಚ್ಚುವ ಗಟ್ಟಿ ಬೂಟು. ಬೆನ್ನಿಗೆ ಇಎನ್ 1621-2 ಎಂಬ ಯುರೋಪಿನ ಮಾನದಂಡದ ಗುರುತಿರುವ ರಕ್ಷಾಕವಚ. ಚರ್ಮದ ಸೂಟನ್ನು ಮಾತ್ರ ಬಾಡಿಗೆಗೆ ತೆಗೆದುಕೊಂಡೆ, ಆಯೋಜಕರಿಗೆ ಮೊದಲೇ ಎದೆ, ಸೊಂಟ, ಎತ್ತರದ ಅಳತೆ ಕಳುಹಿಸಿ. ಬಟ್ಟೆಯ ಜಾಕೆಟ್ ಟಾರಿನ ಮೇಲೆ ಜಾರುವಾಗ ಬೇಗ ಹರಿಯುತ್ತದೆ; ಚರ್ಮ ತಾಳುತ್ತದೆ.

ಇನ್ನು ನಾನು ಹೆಚ್ಚು ಹೊತ್ತು ಕೊಟ್ಟ ಭಾಗ, ಮೈ ಮತ್ತು ಕಣ್ಣು. ಬೈಕನ್ನು ನೆಟ್ಟಗೆ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸಂಜೆ ಹೊತ್ತು ಕೂರುವುದನ್ನು ಅಭ್ಯಾಸ ಮಾಡಿದೆ. ಪಾದದ ಮುಂಭಾಗ ಪೆಗ್ ಮೇಲೆ, ತಿರುವಿನ ಹೊರಬದಿಯ ಮೊಣಕಾಲು ಪೆಟ್ರೋಲ್ ಟ್ಯಾಂಕಿಗೆ ಒತ್ತಿ, ತೋಳು ಸಡಿಲ. ಭಾರವೆಲ್ಲ ಕಾಲು ಮತ್ತು ಹೊಟ್ಟೆಯ ಸ್ನಾಯುಗಳ ಮೇಲೆ ಬೀಳಬೇಕು. ಹ್ಯಾಂಡಲಿಗೆ ಜೋತುಬಿದ್ದರೆ ಮುಂದಿನ ಚಕ್ರ ಏನು ಹೇಳುತ್ತಿದೆ ಎಂದು ಕೈಗೆ ತಿಳಿಯುವುದೇ ಇಲ್ಲ. ಎರಡು ನಿಮಿಷಕ್ಕೆ ತೊಡೆ ನಡುಗತೊಡಗಿತು. ಅಂದಿನಿಂದ ಬಸ್ಕಿ, ಪ್ಲ್ಯಾಂಕ್ ಮತ್ತು ಸೈಕಲ್ ದಿನಚರಿಗೆ ಬಂದವು.

ಬ್ರೇಕ್ ಅಭ್ಯಾಸಕ್ಕೆ ಮೋಶಿಯ ಬಳಿ ಪರಿಚಿತರೊಬ್ಬರ ಗೋದಾಮಿನ ಖಾಲಿ ಕಾಂಕ್ರೀಟ್ ಅಂಗಳ ಸಿಕ್ಕಿತು. ಅನುಮತಿ ಪಡೆದು, ಗಂಟೆಗೆ ನಲವತ್ತರ ವೇಗದಿಂದ ಶುರು. ಲಿವರನ್ನು ಗಬಕ್ಕನೆ ಹಿಡಿಯುವಂತಿಲ್ಲ. ಮೊದಲು ಮೆಲ್ಲನೆ ಒತ್ತಿದರೆ ಭಾರ ಮುಂದಕ್ಕೆ ಬಂದು ಮುಂದಿನ ಟೈರು ನೆಲಕ್ಕೆ ಅಂಟುತ್ತದೆ, ಆಮೇಲೆ ಒತ್ತುತ್ತ ಹೋಗಬಹುದು. ಬಿಡುವಾಗಲೂ ಹಾಗೆಯೇ, ಮೆಲ್ಲನೆ. ವೇಗ ಎರಡರಷ್ಟಾದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬ ಶಾಲೆಯ ಪಾಠ ಅಲ್ಲಿ ಬೆರಳಿಗೆ ಅರ್ಥವಾಯಿತು. ಇನ್ನೊಂದು ಮಾತು: ಟೈರಿನ ಹಿಡಿತ ತಿಂಗಳ ಸಂಬಳದಂತೆ, ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಸಿಗುವುದಿಲ್ಲ. ಹೊಸಬರು ನೇರ ಹಾದಿಯಲ್ಲೇ ಬ್ರೇಕ್ ಮುಗಿಸಿ ತಿರುವಿಗೆ ಇಳಿಯಬೇಕು ಎನ್ನುವುದು ಇದಕ್ಕೇ.

ಕಣ್ಣಿನ ಅಭ್ಯಾಸಕ್ಕೆ ಬೇರೆ ಜಾಗ ಬೇಕಿಲ್ಲ. ನಿಗಡಿಯಿಂದ ಆಫೀಸಿಗೆ ಹೋಗುವಾಗ ಮಾಮೂಲಿ ವೇಗದಲ್ಲೇ, ತಿರುವಿನ ಬಾಯಿಯಲ್ಲಿ ನೋಟ ನಿಲ್ಲಿಸದೆ ಅದರ ಕೊನೆಯ ಕಡೆಗೆ ಹಾಯಿಸುವುದನ್ನು ರೂಢಿಸಿಕೊಂಡೆ. ನೋಟ ಎಲ್ಲಿಗೋ ಬೈಕ್ ಅಲ್ಲಿಗೆ. ಗುಂಡಿಯನ್ನೇ ದಿಟ್ಟಿಸಿದವರು ಗುಂಡಿಗೇ ಇಳಿಯುತ್ತಾರೆ. ಜೊತೆಗೆ ಕರಿ ಟ್ರ್ಯಾಕ್‌ನ ವಿಡಿಯೊಗಳನ್ನು ನೋಡಿ, ಅದರ ನಕ್ಷೆಯನ್ನು ನೆನಪಿನಿಂದ ಕಾಗದದ ಮೇಲೆ ಬಿಡಿಸುತ್ತಿದ್ದೆ. ಮುಂದಿನ ತಿರುವು ಎಡವೋ ಬಲವೋ ಎಂದು ಅಲ್ಲಿ ಹೋಗಿ ಕಲಿಯುವುದು ಗಮನವನ್ನು ಪೋಲು ಮಾಡಿದಂತೆ.

ಪುಣೆಯಿಂದ ಕೊಯಮತ್ತೂರು ಸುಮಾರು 1,200 ಕಿ.ಮೀ. ಅಷ್ಟು ದೂರ ಬೈಕ್ ಓಡಿಸಿಕೊಂಡು ಹೋದರೆ ಟೈರಿನ ನಡುಭಾಗ ಸವೆಯುತ್ತದೆ, ಮೈ ಸೋಲುತ್ತದೆ, ಬಿದ್ದರೆ ಮರಳುವ ದಾರಿಯಿಲ್ಲ. ಚಿಂಚವಡದ ನಾವು ಮೂವರು ಕನ್ನಡಿಗರು ಸೇರಿ ಪಿಕಪ್ ಗಾಡಿ ಮಾಡಿಕೊಂಡೆವು. ದಾರಿಯಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ರಾತ್ರಿ ತಂಗಿದಾಗ ಅವ್ವ ಬೆನ್ನಿನ ಕವಚವನ್ನು ಕೈಯಲ್ಲಿ ಹಿಡಿದು ಒತ್ತಿ ಒತ್ತಿ ನೋಡಿದಳು. “ಇದನ್ನು ಪುಣೆಯಲ್ಲಿ ಆಫೀಸಿಗೆ ಹೋಗುವಾಗಲೂ ಹಾಕಿಕೊಳ್ಳುತ್ತೀಯೇನಪ್ಪ?” ಎಂದು ಕೇಳಿದಳು. ಇನ್ನು ಮೇಲೆ ಹಾಕಿಕೊಳ್ಳುತ್ತೇನೆ ಅವ್ವ ಎಂದೆ. ಆ ಮಾತನ್ನು ಉಳಿಸಿಕೊಂಡಿದ್ದೇನೆ.

ಟ್ರ್ಯಾಕ್‌ನಲ್ಲಿ ಬೆಳಗ್ಗೆ ಮೊದಲು ತಪಾಸಣೆ. ಸೋರಿಕೆ, ಸಡಿಲ ಭಾಗ, ಬ್ರೇಕ್, ಥ್ರಾಟಲ್, ಟೈರ್, ಹೆಲ್ಮೆಟ್ ಎಲ್ಲವನ್ನೂ ನೋಡುತ್ತಾರೆ. ನಮ್ಮ ಮೆಕ್ಯಾನಿಕ್ ಕೈಯ ಕೆಲಸಕ್ಕೆ ಒಂದು ಮಾತೂ ಬರಲಿಲ್ಲ. ನಂತರ ಬಾವುಟಗಳ ಪಾಠ: ಹಳದಿ ಎಂದರೆ ಮುಂದೆ ಅಪಾಯ, ಹಿಂದಿಕ್ಕುವಂತಿಲ್ಲ, ಕೆಂಪು ಎಂದರೆ ಸರದಿ ನಿಂತಿದೆ, ವೇಗ ತಗ್ಗಿಸಿ ಪಿಟ್‌ಗೆ (ಟ್ರ್ಯಾಕ್ ಪಕ್ಕದ ಬೈಕ್ ನಿಲ್ಲಿಸುವ ಜಾಗಕ್ಕೆ) ಬನ್ನಿ, ಹಳದಿ ಕೆಂಪು ಪಟ್ಟೆ ಎಂದರೆ ನೆಲ ಜಾರುತ್ತಿದೆ, ನೀಲಿ ಎಂದರೆ ಹಿಂದೆ ವೇಗದವರಿದ್ದಾರೆ. ನೀಲಿ ಕಂಡಾಗ ಗಾಬರಿಯಿಂದ ಪಕ್ಕಕ್ಕೆ ಸರಿಯಬಾರದು, ನಮ್ಮ ದಾರಿಯಲ್ಲೇ ಇರಬೇಕು, ದಾಟುವ ಹೊಣೆ ಅವರದ್ದು. ಇದು ಎಲ್ಲಕ್ಕಿಂತ ಮುಖ್ಯವಾದ ತಿಳಿವಳಿಕೆ.

ಜನವರಿಯ ಬೆಳಗಾದ್ದರಿಂದ ಟೈರು ತಣ್ಣಗಿದ್ದವು, ಮೊದಲ ಸುತ್ತುಗಳನ್ನು ತರಬೇತುದಾರರ ಹಿಂದೆ ಮೆಲ್ಲನೆ ಹಾಕಿದೆವು. ಅವರು ಎಲ್ಲಿ ಒಳಕ್ಕೆ ತಿರುಗುತ್ತಾರೆ, ಎಲ್ಲಿ ಒಳ ಅಂಚು ಮುಟ್ಟುತ್ತಾರೆ, ಎಲ್ಲಿಗೆ ಹೊರಬರುತ್ತಾರೆ ಎಂಬುದೇ ಪಾಠ. ನಾನು ತಿರುಗುವುದನ್ನು ಕೊಂಚ ತಡಮಾಡಿದಾಗ ತಿರುವಿನ ಕೊನೆ ಬೇಗ ಕಾಣಿಸಿತು, ಥ್ರಾಟಲ್ ಸಲೀಸಾಗಿ ತೆರೆಯಲು ಬಂತು. ಒಂದು ಸರದಿಯಲ್ಲಿ ಒಂದೇ ಸಂಗತಿ ಎಂದು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ: ಒಂದರಲ್ಲಿ ನೋಟ, ಒಂದರಲ್ಲಿ ಬ್ರೇಕ್ ಹಿಡಿಯುವ ಗುರುತು, ಒಂದರಲ್ಲಿ ಕಾಲು. ಸರದಿ ಮುಗಿದ ಕೂಡಲೇ ಟೈರಿನ ಒತ್ತಡ ನೋಡಿ, ಸೂಟ್ ಸಡಿಲಿಸಿ, ಓಆರ್‌ಎಸ್ ಬೆರೆಸಿದ ನೀರು ಕುಡಿಯುತ್ತಿದ್ದೆ. ಊಟಕ್ಕೆ ಸ್ವಲ್ಪವೇ ಮೊಸರನ್ನ. ಮಧ್ಯಾಹ್ನ ಚರ್ಮದೊಳಗೆ ಮೈ ಕಾದು ಯೋಚನೆ ನಿಧಾನವಾಗುತ್ತದೆ. ಕೊನೆಯ ಸರದಿಯನ್ನು ನಾನು ಬಿಟ್ಟೆ, ಗೋಡೆಯ ಪಕ್ಕ ನಿಂತು ವೇಗದ ಗುಂಪಿನವರ ಮೊಣಕಾಲು, ಭುಜ, ತಲೆ ನೋಡುತ್ತ ಕಲಿತೆ. ದಣಿದ ಹೊತ್ತಿನ ಆ ಕೊನೆಯ ಸರದಿಯಲ್ಲಿ ಸಿಗುವುದಕ್ಕಿಂತ ಹೆಚ್ಚಿನದು ಅಲ್ಲಿ ನಿಂತು ಸಿಕ್ಕಿತು.

ಮರಳಿದ ಮೇಲೂ ಕೆಲಸ ಬಾಕಿ ಇರುತ್ತದೆ. ರೇಡಿಯೇಟರಿನ ಬರಿ ನೀರು ತೆಗೆದು ಕೂಲಂಟ್ ತುಂಬಿಸಬೇಕು, ಇಲ್ಲವಾದರೆ ಒಳಗೆ ತುಕ್ಕು. ಟೈರಿಗೆ ರಸ್ತೆಯ ಒತ್ತಡ, ಬೈಕಿಗೆ ಕನ್ನಡಿ, ನಂಬರ್ ಪ್ಲೇಟ್, ಇಂಡಿಕೇಟರ್; ಮುಂದಿನ ಪ್ಯಾಡ್‌ಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು, ಅವನ್ನೂ ಬದಲಿಸಿದೆವು. ಬಿಚ್ಚಿದ ಪ್ಯಾಡ್‌ಗಳನ್ನು ಮೆಕ್ಯಾನಿಕ್ ತಿರುಗಿಸಿ ನೋಡಿ, ಎರಡೂ ಸಮನಾಗಿ ಸವೆದಿವೆ, ಅವನ್ನು ಒತ್ತುವ ಕ್ಯಾಲಿಪರ್ ಚೆನ್ನಾಗಿದೆ ಎಂದರು.