ಫ್ಲಶ್ ಟ್ಯಾಂಕಿನ ಸೋರಿಕೆ ನಿಂತದ್ದು ಹೀಗೆ

ಕಮೋಡಿನೊಳಗೆ ಸದಾ ಸಣ್ಣಗೆ ನೀರು ಇಳಿಯುತ್ತಿತ್ತು. ಟ್ಯಾಂಕಿನಲ್ಲಿ ನೀರು ಓವರ್‌ಫ್ಲೋ ಪೈಪಿನ (ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುವ ಕೊಳವೆ) ಬಾಯಿಗಿಂತ ಸುಮಾರು 25 ಮಿ.ಮೀ. ಕೆಳಗೇ ಇದ್ದುದರಿಂದ ಟ್ಯಾಂಕ್ ತುಂಬಿದಾಗ ಒಳಬರುವ ನೀರನ್ನು ನಿಲ್ಲಿಸುವ ಫ್ಲೋಟ್ ಮೇಲೆ ಅನುಮಾನವಿರಲಿಲ್ಲ. ಟ್ಯಾಂಕಿಗೆ ನಾಲ್ಕೈದು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ 20 ನಿಮಿಷ ಬಿಟ್ಟೆ. ಬಣ್ಣ ಕಮೋಡಿಗೆ ಬಂತು. ದೋಷ ಫ್ಲಶ್ ಮಾಡಿದಾಗ ನೀರು ಬಿಡುವ ತಳದ ಫ್ಲಶ್ ವಾಲ್ವಿನದೇ.

ಆಂಗಲ್ ವಾಲ್ವ್ (ಟ್ಯಾಂಕಿಗೆ ನೀರು ಬರುವ ಗೋಡೆಯ ನಲ್ಲಿ) ಮುಚ್ಚಿ ಟ್ಯಾಂಕ್ ಖಾಲಿ ಮಾಡಿ, ಫ್ಲಶ್ ವಾಲ್ವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ಎತ್ತಿದರೆ ಅಡಿಯಲ್ಲಿ ರಬ್ಬರ್ ವಾಷರ್ ಕಾಣುತ್ತದೆ. ಅದು ಗಟ್ಟಿಯಾಗಿ ಒಂದು ಕಡೆ ಸೊಟ್ಟಗಾಗಿತ್ತು. ಆದರೆ ಬರೀ ವಾಷರ್ ಬದಲಿಸಿದರೆ ಸಾಲದು. ಅದು ಕೂರುವ ಅಂಚಿನಲ್ಲಿ ಗಡಸು ನೀರಿನ ಬಿಳಿ ಪದರ ಕಟ್ಟಿರುತ್ತದೆ, ಹೊಸ ರಬ್ಬರೂ ಅದರ ಮೇಲೆ ಸರಿಯಾಗಿ ಒತ್ತಿ ಕೂರುವುದಿಲ್ಲ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು, ಹಳೇ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಉಜ್ಜುಕಾಗದ ಬೇಡವೇ ಬೇಡ: ಗೀರು ಬಿದ್ದರೆ ನೀರಿಗೆ ಅದೇ ದಾರಿ.

ವಾಷರ್ ಅಳತೆ ಒಂದೊಂದು ಕಂಪನಿಗೆ ಒಂದೊಂದು, ಹಳೆಯದನ್ನೇ ಒಯ್ದು ಹೊಂದಿಸಿ ತನ್ನಿ. ಟ್ಯಾಂಕಿಗೆ ಹಾಕುವ ಬ್ಲೀಚ್ ಗುಳಿಗೆಗಳು ರಬ್ಬರನ್ನು ಬೇಗ ಹಾಳುಮಾಡುತ್ತವೆ; ನನ್ನ ಮಟ್ಟಿಗೆ ಅವು ದಂಡ. ಜೋಡಿಸಿದ ಮೇಲೆ ಇನ್ನೊಮ್ಮೆ ಬಣ್ಣ ಹಾಕಿ ನೋಡಿ.