ಟ್ರ್ಯಾಪ್‌ನಿಂದ ಸ್ಕೀಟ್‌ಗೆ ಹೊರಳುವಾಗ

ಟ್ರ್ಯಾಪ್, ಸ್ಕೀಟ್ ಎರಡೂ ಯಂತ್ರ ಎಸೆದ ಬಿಲ್ಲೆಯನ್ನು ಗಾಳಿಯಲ್ಲೇ ಹೊಡೆದು ಒಡೆಯುವ ಬಂದೂಕು ಸ್ಪರ್ಧೆಗಳು. ಒಲಿಂಪಿಕ್ ಶೈಲಿಯಲ್ಲಿ ಎರಡಕ್ಕೂ 12 ಬೋರ್ ಬಂದೂಕು, 24 ಗ್ರಾಂ ಚರೆಯ (ಸಣ್ಣ ಗುಂಡುಗಳ) ತೋಟಾ. ಒಡೆಯಬೇಕಾದದ್ದೂ ಅದೇ 110 ಮಿ.ಮೀ. ಬಿಲ್ಲೆ. ಉಳಿದದ್ದೆಲ್ಲ ಬೇರೆ. ಟ್ರ್ಯಾಪ್‌ನಲ್ಲಿ ಬಿಲ್ಲೆ ಎದುರಿನ ಕಂದಕದಿಂದ ದೂರಕ್ಕೆ ಓಡುತ್ತದೆ, ಹಾಗಾಗಿ ಬಿಗಿ ಚೋಕ್ (ಚರೆಯ ಹರಡುವಿಕೆ ನಿರ್ಧರಿಸುವ ನಳಿಗೆ ತುದಿಯ ಕಿರಿದು ಭಾಗ), 7½ ನಂಬರಿನ ಚರೆ. ಸ್ಕೀಟ್‌ನಲ್ಲಿ ಹತ್ತಿರದಲ್ಲೇ ಅಡ್ಡ ಹಾಯುತ್ತದೆ. ಅಗಲಕ್ಕೆ ಹರಡುವ ಸ್ಕೀಟ್ ಚೋಕ್, 9 ನಂಬರಿನ ಸಣ್ಣ ಚರೆ ಸಾಕು. ಚೋಕ್ ಬದಲಿಸುವ ಮುನ್ನ ಬಂದೂಕು ಮಡಚಿ ತೆರೆದು, ಎರಡೂ ನಳಿಗೆ ಖಾಲಿಯೇ ನೋಡಿ.

ಟ್ರ್ಯಾಪ್‌ನವರು ಎಡವುವುದು ನಿಲುವಿನಲ್ಲಿ. ಸ್ಕೀಟ್‌ನಲ್ಲಿ ಬಿಲ್ಲೆ ಕಾಣುವವರೆಗೆ ಬಂದೂಕಿನ ಹಿಂಬದಿ ಜಾಕೆಟ್ಟಿನ ಗುರುತುಪಟ್ಟಿಗೆ ತಾಗಿರಲೇಬೇಕು. ಬಿಲ್ಲೆ ಬಿಡಲು ಕೂಗಿ ಕರೆದ ಮೇಲೆ ಅದು 3 ಸೆಕೆಂಡ್‌ವರೆಗೂ ಸತಾಯಿಸಬಹುದು. ಅಷ್ಟರಲ್ಲಿ ಭುಜಕ್ಕೇರಿಸಿದರೆ ನಿಯಮಭಂಗ.

ಗುರಿ ತಪ್ಪಿತೇ? ಬಹುಪಾಲು ಸಲ ಚರೆ ಬಿಲ್ಲೆಯ ಹಿಂದೆ ಹೋಗಿರುತ್ತದೆ, ಟ್ರಿಗರ್ ಎಳೆಯುವಾಗ ನಳಿಗೆಯ ಬೀಸು ನಿಂತದ್ದರಿಂದ. ಹೊಡೆದ ಮೇಲೂ ಬೀಸುತ್ತಿರಿ. ಕೆನ್ನೆ ಬಂದೂಕಿನ ಮರದ ಹಿಂಬದಿಯಿಂದ ಎದ್ದರೆ ಹೊಡೆತ ಮೇಲೆ ಹಾರುತ್ತದೆ.