ಮಾತ್ರೆ ಎಣಿಸುತ್ತಾ ಬರೆದ ಮೂರು ಸಾಲು

ಕವಿತೆ ಅಂದ್ರೆ ಏನು ಅಂತ ಯಾರಾದರೂ ಕೇಳಿದರೆ ನಾನು ವ್ಯಾಖ್ಯೆ ಹೇಳೋಕೆ ಹೋಗಲ್ಲ, ಒಂದೇ ಸಂಗತಿಯನ್ನು ಬೇರೆ ಬೇರೆ ಥರ ಬರೆದು ತೋರಿಸುತ್ತೇನೆ. ಸಂಗತಿ ಇಷ್ಟೇ: ರಾತ್ರಿಯಿಡೀ ಕಾದರೂ ನಲ್ಲಿಯಲ್ಲಿ ನೀರು ಬರಲಿಲ್ಲ. ಪಕ್ಕದ ಮನೆಯವರಿಗೆ ಹೇಳಿದರೆ ಹೂಂ ಅಂತಾರೆ, ಮುಗೀತು.

ಇದನ್ನೇ ಭಾಮಿನಿ ಷಟ್ಪದಿಗೆ ಹಾಕಿದೆ, ಕುಮಾರವ್ಯಾಸ ಭಾರತ ಹೇಳಿದ ಆರು ಸಾಲಿನ ಛಂದಸ್ಸಿಗೆ. ಮೂರು-ನಾಲ್ಕು, ಮೂರು-ನಾಲ್ಕು ಅಂತ ಮಾತ್ರೆ, ಅಂದ್ರೆ ಅಕ್ಷರ ಉಚ್ಚರಿಸೋ ಕಾಲದ ಅಳತೆ, ನಡೆಯುತ್ತದೆ. ಮೊದಲ ಎರಡು ಸಾಲಿಗೆ ತಲಾ 14, ಮೂರನೆಯದಕ್ಕೆ ಕೊನೆಯ ಗುರುವೂ (ಎರಡು ಮಾತ್ರೆಯ ಅಕ್ಷರ) ಸೇರಿ 23.

ನಲ್ಲಿ ಹನಿಯದ ರಾತ್ರಿ ಕಳೆಯಿತು
ಎಲ್ಲ ಕೊಡಗಳು ಬಾಯಿ ತೆರೆದಿವೆ
ಮೆಲ್ಲ ಮೆಲ್ಲನೆ ಗಾಳಿ ಕೆಮ್ಮಿತು ಖಾಲಿ ಕೊಳವೆಯೊಳು

ಆದಿಪ್ರಾಸ ಬೇರೆ ಇದೆ, ಸಾಲಿನ ಎರಡನೇ ಅಕ್ಷರದ ವ್ಯಂಜನ ಎಲ್ಲ ಕಡೆ ಒಂದೇ ಇರಬೇಕು. ‘ನಲ್ಲಿ’ ಅಂತ ಶುರು ಮಾಡಿದ್ದಕ್ಕೆ ಮೂರನೇ ಸಾಲಿಗೂ ‘ಲ್ಲ’ ಬೇಕಾಯಿತು, ಹುಡುಕಿದಾಗ ‘ಮೆಲ್ಲ ಮೆಲ್ಲನೆ’ ಸಿಕ್ಕಿತು. ನೀರಂತೂ ಬರಲೇ ಇಲ್ಲ, ಮತ್ತೆ ಮೆಲ್ಲನೆ ಬಂದಿದ್ದೇನು? ಕೊಳವೆಯೊಳಗಿನ ಗಾಳಿಯ ಸದ್ದು! ಬರೆಯೋಕೆ ಕೂತಾಗ ಆ ಕೆಮ್ಮು ನನ್ನ ತಲೆಯಲ್ಲೇ ಇರಲಿಲ್ಲ, ಪ್ರಾಸವೇ ಎಳೆದು ತಂದಿತು. ವಸ್ತು ಮೊದಲು, ರೂಪ ಆಮೇಲೆ ತೊಡಿಸುವ ಅಂಗಿ ಅನ್ನೋ ಮಾತನ್ನು ನಾನು ಒಪ್ಪದಿರೋದು ಇದಕ್ಕೇ.

ಹಾಗಂತ ಮಾತ್ರೆ ಕೂಡಿದ್ದೆಲ್ಲ ಕವಿತೆ ಅಲ್ಲ. ‘ನಾಳೆ ಬೆಳಗಿನ ಬಸ್ಸು ತಡವಿದೆ’ ಅನ್ನೋದಕ್ಕೂ ಸರಿಯಾಗಿ 14 ಮಾತ್ರೆ. ಕೇಶಿರಾಜ ಶಬ್ದಮಣಿದರ್ಪಣದ ಸೂತ್ರಗಳನ್ನು ಮಾತ್ರೆ ಎಣಿಸಿ ಬರೆಯೋ ಕಂದ ಪದ್ಯದಲ್ಲೇ ಬರೆದ, ಆದರೂ ಅದು ವ್ಯಾಕರಣವೇ. ಆ ಕಡೆ ಬಸವಣ್ಣನವರ ವಚನಗಳಲ್ಲಿ ಮಾತ್ರೆ ಎಣಿಸೋ ಗೊಡವೆಯೇ ಇಲ್ಲ, ಅವನ್ನು ಕವಿತೆ ಅಲ್ಲ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಕವಿ ಗೋವಿಂದ ಪೈಗಳು 1911ರಲ್ಲೇ ಈ ಆದಿಪ್ರಾಸ ಬಿಟ್ಟು ಬರೆದರು.

ಛಂದಸ್ಸಿಗಾಗಿ ಬೆಲೆಯನ್ನೂ ತೆರಬೇಕು. ‘ಕೊಳವೆಯೊಳು’ ಅಂತ ಇವತ್ತು ಯಾರು ಮಾತಾಡ್ತಾರೆ? ‘ರಾತ್ರಿ ಕಳೆಯಿತು’ ಕೂಡ ಸುಮ್ನೆ ಜಾಗ ತುಂಬಿಸಿದ್ದು. ಅದಕ್ಕೇ ಬಿಡಿಸಿ ಬರೆದೆ:

ಕೊಡಗಳೆಲ್ಲ ಬಾಯಿ ತೆರೆದಿವೆ.
ಕೊಳವೆಗೆ
ಕೆಮ್ಮು.

ಇಲ್ಲಿ ಲೆಕ್ಕ ಇಲ್ಲ, ಆದರೆ ‘ಕೊಳವೆಗೆ’ ಆದ ಮೇಲೆ ಸಾಲು ಮುರಿದಿರೋದು ಬೇಕಂತಲೇ. ಅಲ್ಲಿ ಓದುವವರು ನೀರು ಬಂತೇನೋ ಅಂದುಕೊಳ್ಳಬೇಕು. ಒಂದೇ ಸಾಲಲ್ಲಿ ಬರೆದರೆ ಆ ಆಸೆ ಹುಟ್ಟೋದೇ ಇಲ್ಲ.

ನನಗೆ ಎರಡೂ ಬೇಕು. ಷಟ್ಪದಿಗೆ ಇನ್ನೂ ಮೂರು ಸಾಲು ಬಾಕಿ, ಅವಕ್ಕೂ ‘ಲ್ಲ’ ಬೇಕು. ಕಲ್ಲು, ಹಲ್ಲು, ಬೆಲ್ಲ ಎಲ್ಲ ಗುರುತು ಹಾಕಿಟ್ಟಿದ್ದೇನೆ. ಬೆಲ್ಲ ಬೇಡ ಅನಿಸ್ತಿದೆ.